ಟಿಕ್ ಹಾಕುವ ಕೈಗೂ ಒಂದು ಚಾಳಿ

ನೂರು ವಾಕ್ಯಗಳ ಒಂದು ಸರಿ-ತಪ್ಪು ಪ್ರಶ್ನೆಪತ್ರಿಕೆ ಇದೆ ಅಂದುಕೊಳ್ಳಿ. ಸುಳ್ಳು ವಾಕ್ಯ ಕಟ್ಟುವುದಕ್ಕಿಂತ ನಿಜವಾದದ್ದನ್ನು ಬರೆಯುವುದು ಸಲೀಸು. ಹಾಗಾಗಿ 70 ವಾಕ್ಯ ಸರಿ, 30 ತಪ್ಪು ಆಗಿಬಿಟ್ಟಿವೆ. ಇಬ್ಬರು ಹುಡುಗಿಯರು ಬರೆಯಲು ಕೂತಿದ್ದಾರೆ. ಇಬ್ಬರಿಗೂ ಅವೇ 60 ಪ್ರಶ್ನೆ ಚೆನ್ನಾಗಿ ಗೊತ್ತು. ಉಳಿದ 40 ಇಬ್ಬರಿಗೂ ಗೊತ್ತಿಲ್ಲ. ಆ 40ರಲ್ಲಿ 28 ಸರಿ, 12 ತಪ್ಪು. ಮೊದಲನೆಯವಳು ಅನುಮಾನ ಬಂದಲ್ಲೆಲ್ಲ ‘ಸರಿ’ ಅಂತ ಗುರುತು ಹಾಕುತ್ತಾಳೆ. ಎರಡನೆಯವಳು ಎಲ್ಲೋ ಏನೋ ಮೋಸ ಇದೆ ಅಂತ ‘ತಪ್ಪು’ ಹಾಕುತ್ತಾ ಹೋಗುತ್ತಾಳೆ. ಮೊದಲನೆಯವಳಿಗೆ 88 ಅಂಕ, ಎರಡನೆಯವಳಿಗೆ 72. ಓದಿದ್ದು ಇಬ್ಬರೂ ಅಷ್ಟೇ. ಮಧ್ಯೆ ಇರುವ 16 ಅಂಕ ಬರೀ ಚಾಳಿಯದ್ದು.

ಈ ಲೆಕ್ಕ ನಾನು ಮಾಡಿಕೊಂಡದ್ದು. ಆದರೆ ಸಂಗತಿ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ಕ್ರಾನ್‌ಬಾಕ್ 1940ರ ದಶಕದಲ್ಲೇ ಇದರ ಬೆನ್ನು ಹತ್ತಿದ್ದರು. ಗೊತ್ತಿಲ್ಲದಾಗ ‘ಸರಿ’ ಕಡೆಗೆ ವಾಲುವವರೇ ಜಾಸ್ತಿ ಅನ್ನುವುದು ಅವರಿಗೆ ಕಂಡಿತು. ಹಾಗಾದರೆ ನಿಜವಾಗಿ ಓದಿದವರು ಯಾರು ಅಂತ ತಿಳಿಸಿಕೊಡುವುದು ಪತ್ರಿಕೆಯಲ್ಲಿರುವ ತಪ್ಪು ವಾಕ್ಯಗಳೇ. ಸರಿ ವಾಕ್ಯಕ್ಕೆ ಓದಿದವನೂ ಟಿಕ್ ಹಾಕುತ್ತಾನೆ, ಓದದವನೂ ಹಾಕುತ್ತಾನೆ. 1946ರಲ್ಲಿ ಕ್ರಾನ್‌ಬಾಕ್ ಇಂಥ ಚಾಳಿಗಳನ್ನೆಲ್ಲ ಒಂದೆಡೆ ಸೇರಿಸಿ ಬರೆದರು. ಅದರಲ್ಲಿ ಒಂದು ಮಾತು ನನಗೆ ಬಹಳ ಮುಖ್ಯ ಅನಿಸುತ್ತದೆ: ಪ್ರಶ್ನೆ ಕಷ್ಟವಿದ್ದಷ್ಟೂ, ಗೊಂದಲ ಇದ್ದಷ್ಟೂ ಚಾಳಿಯ ಆಟ ಜಾಸ್ತಿ. ಉತ್ತರ ಸ್ಪಷ್ಟವಾಗಿ ಗೊತ್ತಿದ್ದವರ ಹತ್ತಿರ ಅದರ ಆಟ ನಡೆಯುವುದಿಲ್ಲ.

ಪಾಠದ ಪರೀಕ್ಷೆಯಲ್ಲಾದರೂ ಸರಿ ಉತ್ತರ ಅಂತ ಒಂದಿರುತ್ತದೆ. ಮನಸ್ಸಿನ ಪರೀಕ್ಷೆಯಲ್ಲಿ ಅದೂ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ರಾಬರ್ಟ್ ವುಡ್‌ವರ್ತ್ ಅಮೆರಿಕದ ಸೈನಿಕರಿಗಾಗಿ ಹೌದು-ಇಲ್ಲ ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಯುದ್ಧದ ಒತ್ತಡಕ್ಕೆ ಯಾರು ಕುಸಿಯಬಹುದು ಅಂತ ಮೊದಲೇ ಪತ್ತೆ ಮಾಡುವ ಆಸೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಈಗ ಎಲ್ಲರಿಗೂ ಗೊತ್ತಿರುವ ಐದು ಮೆಟ್ಟಿಲಿನ ಅಳತೆಯನ್ನು ತಂದರು: ಒಂದು ತುದಿಯಲ್ಲಿ ‘ಪೂರ್ತಿ ಒಪ್ಪುತ್ತೇನೆ’, ಇನ್ನೊಂದು ತುದಿಯಲ್ಲಿ ‘ಒಪ್ಪುವುದೇ ಇಲ್ಲ’. ಕೊಡುವವರಿಗೂ ಸುಲಭ, ಎಣಿಸುವವರಿಗೂ ಸುಲಭ. ಜತೆಗೆ ಹೊಸ ಚಾಳಿಗಳಿಗೂ ಜಾಗ ಸಿಕ್ಕಿತು. ಕೆಲವರು ಯಾವಾಗಲೂ ತುದಿಗೇ ಹೋಗುತ್ತಾರೆ. ಕೆಲವರು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ನಡುವಿನ ಮನೆ ಬಿಟ್ಟು ಕದಲುವುದಿಲ್ಲ. ಇನ್ನು ಕೆಲವರು ಕೋಲೆ ಬಸವನ ಹಾಗೆ ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾರೆ.

ಈ ತಲೆ ಆಡಿಸುವವರಿಂದಲೇ ದೊಡ್ಡ ಪೇಚಾಟ ಶುರುವಾಯಿತು. ಜನರಲ್ಲಿ ಸರ್ವಾಧಿಕಾರಕ್ಕೆ ಮಣಿಯುವ ಗುಣ ಎಷ್ಟಿದೆ ಅಂತ ಅಳೆಯಲು ಥಿಯೊಡೊರ್ ಅಡಾರ್ನೊ ಮತ್ತು ಸಂಗಡಿಗರು ಮಾಡಿದ ‘ಎಫ್’ ಅಳತೆ 1950ರಲ್ಲಿ ಹೊರಬಂತು. ಅದರ ವಾಕ್ಯಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಒಪ್ಪಿದರೆ ಅಂಕ ಏರುತ್ತದೆ, ಅಷ್ಟೇ. ಹಾಗಾದರೆ ಜಾಸ್ತಿ ಅಂಕ ಬಂದವನು ಸರ್ವಾಧಿಕಾರದ ಪರವೋ, ಅಥವಾ ಸುಮ್ನೆ ಎಲ್ಲದಕ್ಕೂ ಹೂಂ ಅನ್ನುವವನೋ? ಬರ್ನಾರ್ಡ್ ಬಾಸ್ 1955ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಅವರು ವಾಕ್ಯಗಳನ್ನು ತಿರುವಿ, ವಿರುದ್ಧ ಅರ್ಥ ಬರುವ ಹಾಗೆ ಬರೆದು ಕೇಳಿ ನೋಡಿದರು. ಮೂಲ ವಾಕ್ಯಕ್ಕೂ ಹೂಂ, ಅದರ ವಿರುದ್ಧಕ್ಕೂ ಹೂಂ ಅಂದವರು ಸಿಕ್ಕರು!

ಇನ್ನೊಂದು ಕಡೆಯಿಂದ ಬಂದದ್ದು ಒಳ್ಳೆಯವರಾಗಿ ಕಾಣುವ ಆಸೆ. 1953ರಲ್ಲಿ ಆ್ಯಲನ್ ಎಡ್ವರ್ಡ್ಸ್ ಒಂದು ಗುಂಪಿಗೆ 140 ವಾಕ್ಯ ಕೊಟ್ಟು, ಇದರಲ್ಲಿ ಹೇಳಿರುವ ಗುಣ ಎಷ್ಟು ಒಳ್ಳೆಯದು ಅಂತ ಕೇಳಿದರು. ಬೇರೊಂದು ಗುಂಪಿಗೆ ಅವೇ ವಾಕ್ಯ ಕೊಟ್ಟು, ಇದು ನಿಮಗೆ ಹೊಂದುತ್ತದಾ ಅಂತ ಕೇಳಿದರು. ಎರಡರ ಹೊಂದಾಣಿಕೆ 0.87. ಪೂರ್ತಿ ಹೊಂದಿದ್ದರೆ 1 ಬರುತ್ತಿತ್ತು. ಅಂದರೆ ಯಾವ ಗುಣವನ್ನು ಲೋಕ ಮೆಚ್ಚುತ್ತದೋ ಅದು ‘ನನ್ನಲ್ಲೂ ಇದೆ’ ಅನ್ನುವವರು ಅಷ್ಟರ ಮಟ್ಟಿಗೆ ಹೆಚ್ಚು.

ಇದನ್ನು ಹಿಡಿಯಲು ಬಲೆಗಳೂ ಬಂದವು. 1940ರ ದಶಕದ ಆರಂಭದಲ್ಲಿ ಮಿನೆಸೋಟದಲ್ಲಿ ತಯಾರಾದ ಎಂಎಂಪಿಐ ಎಂಬ ವ್ಯಕ್ತಿತ್ವ ಪರೀಕ್ಷೆಯೊಳಗೆ 15 ಪ್ರಶ್ನೆಗಳ ಒಂದು ಸುಳ್ಳಿನ ಅಳತೆಯನ್ನೇ ಸೇರಿಸಿದ್ದರು. ‘ನನಗೆ ಕೆಲವೊಮ್ಮೆ ಸಿಟ್ಟು ಬರುತ್ತದೆ’ ಅನ್ನುವ ಥರದ ಮಾತು. ಯಾರಿಗೆ ಬರಲ್ಲ ಹೇಳಿ? ಇಂಥದ್ದಕ್ಕೆಲ್ಲ ಇಲ್ಲ ಇಲ್ಲ ಅಂತ ಹೋದರೆ ಉಳಿದ ಉತ್ತರಗಳ ಮೇಲೂ ಗುಮಾನಿ. 1960ರಲ್ಲಿ ಡಗ್ಲಸ್ ಕ್ರೌನ್ ಮತ್ತು ಡೇವಿಡ್ ಮಾರ್ಲೊ ಇದಕ್ಕೆಂದೇ 33 ವಾಕ್ಯಗಳ ಅಳತೆ ಮಾಡಿದರು. ನನಗೆ ಇದರಲ್ಲಿ ಒಂದು ತಕರಾರಿದೆ. ನಿಜವಾಗಿಯೂ ಒಳ್ಳೆಯವರಾಗಿರುವವರು ಇರುತ್ತಾರಲ್ವಾ? ಅವರ ನಿಜವೂ ಇಲ್ಲಿ ಸುಳ್ಳಿನ ಲೆಕ್ಕಕ್ಕೇ ಹೋಗುತ್ತದೆ.

ಎಲ್ಲಿ ನೋಡಿದರೂ ಚಾಳಿಯೇ ಕಾಣತೊಡಗಿದ ಮೇಲೆ ಎದುರು ಮಾತೂ ಬಂತು. 1965ರಲ್ಲಿ ಲೆನರ್ಡ್ ರೋರರ್ ಉತ್ತರ ಶೈಲಿ (ಈ ಚಾಳಿಗಳಿಗೆ ಪಂಡಿತರು ಇಟ್ಟ ಹೆಸರು) ಅನ್ನುವುದೇ ಒಂದು ದೊಡ್ಡ ಕಟ್ಟುಕಥೆ ಅಂತ ಬರೆದರು. ಅದೇ ವರ್ಷ ಜ್ಯಾಕ್ ಬ್ಲಾಕ್, ಎಂಎಂಪಿಐನಲ್ಲಿ ಹೌದು ಮತ್ತು ಇಲ್ಲ ಎರಡೂ ಕಡೆ ಸಮ ತೂಗುವಂತೆ ಮಾಡಿದರೂ ಫಲಿತಾಂಶದ ಆಕಾರ ಬದಲಾಗುವುದಿಲ್ಲ ಅಂತ ತೋರಿಸಿದರು. ಜಗಳ ಪೂರ್ತಿ ತೀರಲಿಲ್ಲ. ನನಗೆ ಕಾಣುವುದು ಇಷ್ಟು: ಚಾಳಿ ಅನ್ನುವುದು ರಕ್ತದ ಗುಂಪಿನ ಹಾಗೆ ಮನುಷ್ಯನಿಗೆ ಅಂಟಿಕೊಂಡೇ ಇರುವುದಲ್ಲ. ಪ್ರಶ್ನೆ ಮಸುಕಾದ ಕಡೆ ಅದು ಎದ್ದು ಬರುತ್ತದೆ. ಬೈಯುವುದಿದ್ದರೆ ಮೊದಲು ಪ್ರಶ್ನೆಯನ್ನು ಬೈಯಬೇಕು.

ಆದರೆ ಪ್ರಶ್ನೆ ತಿದ್ದಲು ಹೋದರೂ ಗ್ರಹಚಾರ ಬಿಡುವುದಿಲ್ಲ. ತಲೆ ಆಡಿಸುವವರನ್ನು ಹಿಡಿಯಲು ಅರ್ಧ ವಾಕ್ಯಗಳನ್ನು ಉಲ್ಟಾ ಬರೆಯುವುದು ವಾಡಿಕೆಯಾಯಿತು. ‘ನಾನು ಗಣಿತದಲ್ಲಿ ದಡ್ಡ’ ಅನ್ನುವ ವಾಕ್ಯ ಒಬ್ಬ ಪುಟ್ಟ ಹುಡುಗನ ಮುಂದಿದೆ ಅನ್ನಿ. ಅವನು ಗಣಿತದಲ್ಲಿ ಜಾಣ. ಹಾಗಾಗಿ ‘ಇಲ್ಲ’ ಅನ್ನಬೇಕು. ಅಂದರೆ ತಾನು ದಡ್ಡ ಅನ್ನುವುದು ನಿಜವಲ್ಲ ಅಂತ ಲೆಕ್ಕ ಹಾಕಿ ಟಿಕ್ ಹಾಕಬೇಕು. ದೊಡ್ಡವರಿಗೇ ಒಂದು ಕ್ಷಣ ತಡವರಿಸುತ್ತದೆ. ಚಿಕ್ಕ ಮಕ್ಕಳು, ಅದರಲ್ಲೂ ಓದು ಅಷ್ಟು ಚೆನ್ನಾಗಿ ಬರದವರು, ಇಲ್ಲಿ ಎಡವುತ್ತಾರೆ ಅಂತ ಹರ್ಬರ್ಟ್ ಮಾರ್ಷ್ 1986ರಲ್ಲಿ ತೋರಿಸಿದರು. ಅಳೆಯಲು ಹೊರಟದ್ದು ಮಗುವಿನ ಆತ್ಮವಿಶ್ವಾಸ. ಕೈಗೆ ಸಿಕ್ಕಿದ್ದು ಓದುವ ಶಕ್ತಿ.

ದೇಶ ದೇಶಗಳ ಮಕ್ಕಳನ್ನು ಪಕ್ಕಪಕ್ಕ ಇಟ್ಟಾಗ ಇದು ಇನ್ನೂ ಸಿಕ್ಕಾಯಿತು. ಜಪಾನ್, ತೈವಾನ್ ಮಕ್ಕಳು ನಡುವಿನ ಮನೆಗೆ ಜಾಸ್ತಿ ಟಿಕ್ ಹಾಕುತ್ತಾರೆ, ಅಮೆರಿಕದವರು ತುದಿಗೆ ಅಂತ 1995ರ ಒಂದು ಅಧ್ಯಯನದಲ್ಲಿ ಕಂಡಿತ್ತು. 15 ವರ್ಷದ ಮಕ್ಕಳ ಅಂತರರಾಷ್ಟ್ರೀಯ ಪರೀಕ್ಷೆಯಾದ ಪೀಸಾದಲ್ಲಿ ವಿಚಿತ್ರ ಕಾಣಿಸಿತು. ಒಂದು ದೇಶದ ಒಳಗೆ ನೋಡಿದರೆ, ಗಣಿತ ನನಗೆ ಬರುತ್ತದೆ ಅನ್ನುವವರಿಗೇ ಹೆಚ್ಚು ಅಂಕ. ದೇಶಗಳ ಸರಾಸರಿ ನೋಡಿದರೆ ಉಲ್ಟಾ.

ಹಾಗಾಗಿ 2012ರಲ್ಲಿ ಪೀಸಾದವರು ಎರಡು ಉಪಾಯ ಮಾಡಿದರು. ಒಂದು, ನಿಮ್ಮ ಟೀಚರ್ ಬಗ್ಗೆ ಕೇಳುವುದರ ಜತೆಗೆ ಕಲ್ಪನೆಯ ಟೀಚರ್‌ಗಳ ಬಗ್ಗೆಯೂ ಕೇಳುವುದು. ಒಬ್ಬರು ದಿನ ಬಿಟ್ಟು ದಿನ ಹೋಮ್‌ವರ್ಕ್ ಕೊಡುತ್ತಾರೆ, ಆ ಹೋಮ್‌ವರ್ಕ್‌ನ ಉತ್ತರವನ್ನು ಪರೀಕ್ಷೆಗೆ ಮೊದಲೇ ತಿಳಿಸುತ್ತಾರೆ. ಇನ್ನೊಬ್ಬರು ವಾರಕ್ಕೊಮ್ಮೆ ಕೊಡುತ್ತಾರೆ, ಉತ್ತರ ತಿಳಿಸುವುದೇ ಇಲ್ಲ. ಇವರಿಗೆ ಮಕ್ಕಳ ಕಲಿಕೆ ಬಗ್ಗೆ ಕಾಳಜಿ ಇದೆಯಾ? ಎಲ್ಲರ ಮುಂದೆಯೂ ಇರುವುದು ಅದೇ ಟೀಚರ್. ಉತ್ತರ ಬೇರೆಯಾದರೆ ಬೇರೆಯಾದದ್ದು ಮಗುವಿನ ಅಳತೆಗೋಲು. ಅದರ ಪ್ರಕಾರ ಉಳಿದ ಉತ್ತರ ಸರಿ ಮಾಡಿದಾಗ ಆ ಉಲ್ಟಾ ಚಿತ್ರ ಬಹುಮಟ್ಟಿಗೆ ನೆಟ್ಟಗಾಯಿತು.

ಎರಡನೆಯದು ಕೊಂಚ ತುಂಟತನದ್ದು. ಇದು ನಿಮಗೆ ಎಷ್ಟು ಗೊತ್ತು ಅಂತ ಕೇಳುವ ಪಟ್ಟಿಯಲ್ಲಿ ಗಣಿತದ 13 ನಿಜ ವಿಷಯಗಳ ನಡುವೆ ಮೂರು ಹುಸಿ ಹೆಸರು ತೂರಿಸಿದರು. ಅದರಲ್ಲೊಂದು ‘ಡಿಕ್ಲರೇಟಿವ್ ಫ್ರ್ಯಾಕ್ಷನ್’. ವ್ಯಾಕರಣದ ಮಾತನ್ನು ಭಿನ್ನರಾಶಿಗೆ ಅಂಟಿಸಿದ್ದು, ಅಷ್ಟೇ. ಇದು ನನಗೆ ಚೆನ್ನಾಗಿ ಗೊತ್ತು ಅಂದವರೂ ಇದ್ದರು. ಇಂಗ್ಲಿಷ್ ಮಾತಾಡುವ ಒಂಬತ್ತು ಕಡೆಯ ಮಕ್ಕಳ ಈ ಉತ್ತರಗಳನ್ನು 2019ರಲ್ಲಿ ಜಾಲಾಡಿದಾಗ, ಬುರುಡೆ ಬಿಡುವುದರಲ್ಲಿ ಹುಡುಗಿಯರಿಗಿಂತ ಹುಡುಗರು ಮುಂದು ಅಂತ ಗೊತ್ತಾಯಿತು.

ಗೊತ್ತಿದ್ದೂ ಬರೆಯದಿರುವುದು ಇನ್ನೊಂದು ಬಗೆ. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಿದ್ದರು. ಹಾಗಿದ್ದಾಗ ಅಷ್ಟೇ ತಿಳಿದಿರುವ ಹುಡುಗರಿಗಿಂತ ಹುಡುಗಿಯರು ಜಾಸ್ತಿ ಪ್ರಶ್ನೆ ಬಿಟ್ಟುಬಿಡುತ್ತಾರೆ ಅಂತ ಕ್ಯಾಥರೀನ್ ಬಾಲ್ಡಿಗಾ ಪ್ರಯೋಗ ಮಾಡಿ ತೋರಿಸಿದರು. 2016ರಿಂದ ಸ್ಯಾಟ್‌ನಲ್ಲಿ ಆ ಕಡಿತ ಇಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಅಮೆರಿಕದ ಮಕ್ಕಳ ಕೈಗೆ ಪರೀಕ್ಷೆ ಶುರುವಾಗುವ ಮುಂಚೆ 25 ಡಾಲರ್ ಇರುವ ಲಕೋಟೆ ಕೊಟ್ಟರು. 25 ಪ್ರಶ್ನೆ, ಒಂದು ತಪ್ಪಿಗೆ ಒಂದು ಡಾಲರ್ ವಾಪಸ್. ಅವರ ಅಂಕ ಏರಿತು. ಶಾಂಘೈ ಮಕ್ಕಳಿಗೆ ಅಲ್ಲಿನ ದುಡ್ಡು ಕೊಟ್ಟು ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅವರು ಮೊದಲೇ ಮನಸ್ಸಿಟ್ಟು ಬರೆಯುತ್ತಿದ್ದರು.

ಪ್ರಶ್ನೆ ತೆಗೆಯುವವರ ಕೈಯೂ ಈ ಚಾಳಿಯಿಂದ ತಪ್ಪಿಸಿಕೊಂಡಿಲ್ಲ. ನಾಲ್ಕು ಆಯ್ಕೆ ಕೊಟ್ಟು ಸರಿ ಉತ್ತರ ಬಚ್ಚಿಡು ಅಂದರೆ ಅವರು ನಡುವಿನ ಎರಡರಲ್ಲಿ ಬಚ್ಚಿಡುವುದೇ ಹೆಚ್ಚು. ಉತ್ತರ ಗೊತ್ತಿಲ್ಲದವರು ಹುಡುಕುವುದೂ ಅಲ್ಲೇ. ಯಿಗಲ್ ಅತ್ತಾಲಿ ಮತ್ತು ಮಾಯಾ ಬಾರ್-ಹಿಲೆಲ್ 2003ರಲ್ಲಿ ಇದನ್ನು ಬರೆದಾಗ ಅವರು ಕೊಟ್ಟ ಸಲಹೆ ಇಷ್ಟು: ಉತ್ತರದ ಜಾಗವನ್ನು ನೀವು ಆರಿಸಬೇಡಿ, ಚೀಟಿ ಎತ್ತಿದ ಹಾಗೆ ತಂತಾನೇ ಬೀಳಲಿ.