ಗೇಜ್: ನಂಬರ್ ಚಿಕ್ಕದಾದಷ್ಟೂ ತಂತಿ ದಪ್ಪ

ಹೋಮ್ ಥಿಯೇಟರ್ ತಂದವರು ಮೊದಲು ತಲೆ ಕೆರೆದುಕೊಳ್ಳುವುದು ಈ ಗೇಜ್ ಅನ್ನೋ ಪದಕ್ಕೆ. ಸ್ಪೀಕರ್ ವೈರಿನ ಸುರುಳಿ ಮೇಲೆ 14, 16, 18 ಅಂತ ಬರೆದಿರುತ್ತದೆ. 18 ದೊಡ್ಡದು, ಅದೇ ದಪ್ಪ ಇರಬೇಕು ಅಂದುಕೊಂಡರೆ ಕೆಟ್ಟಿರಿ. ಇಲ್ಲಿ ಲೆಕ್ಕ ಉಲ್ಟಾ.

ಗೇಜ್ ಅಂದರೆ ತಂತಿಯ ದಪ್ಪದ ಅಳತೆ. ಹಿಂದೆ ತಾಮ್ರದ ಸರಳನ್ನು ಅಚ್ಚಿನ ತೂತುಗಳಲ್ಲಿ ಎಳೆದೆಳೆದು ಸಣ್ಣ ಮಾಡುತ್ತಿದ್ದರು. ಜಾಸ್ತಿ ಸಲ ಎಳೆದಷ್ಟೂ ತಂತಿ ತೆಳು, ನಂಬರ್ ದೊಡ್ಡದು. ಮೂರು ನಂಬರ್ ಇಳಿದರೆ ತಾಮ್ರ ಹೆಚ್ಚುಕಮ್ಮಿ ದುಪ್ಪಟ್ಟು. ಸಾಲದ್ದಕ್ಕೆ ಬ್ರಿಟಿಷರ ಗೇಜ್ ಬೇರೆ, ಅಮೆರಿಕದ್ದು ಬೇರೆ. ಮೋಟಾರ್ ವೈಂಡಿಂಗ್ ಅಂಗಡಿಯವರ 16 ಬ್ರಿಟಿಷ್ ಲೆಕ್ಕದ್ದು, ಅದು ಸ್ಪೀಕರ್ ವೈರಿನ ಮೇಲಿರುವ ಅಮೆರಿಕದ 14ಕ್ಕೆ ಸಮ! ಅದಕ್ಕೇ ನಾನು ಸುಮ್ನೆ ಚದರ ಮಿಲಿಮೀಟರಿನಲ್ಲಿ ಕೇಳುತ್ತೇನೆ. ಅಮೆರಿಕದ 16 ಅಂದರೆ ಸುಮಾರು 1.3, 14 ಅಂದರೆ 2.1.

ಎಷ್ಟು ದಪ್ಪ ಬೇಕು? ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಹೋಗುವ ಬರುವ ಎರಡೂ ಎಳೆ ಸೇರಿ, ಸ್ಪೀಕರಿನ ಓಮ್‌ನಲ್ಲಿ (ಓಮ್ ಅಂದರೆ ಈ ತಡೆಯ ಅಳತೆ) ಶೇ 5 ಮೀರಬಾರದು ಅನ್ನುವುದು ರೂಢಿ. 8 ಓಮ್ ಸ್ಪೀಕರಿಗೆ 16 ಗೇಜ್ ತಾಮ್ರ ಹಾಕಿದರೆ ಸುಮಾರು 15 ಮೀಟರ್ ತನಕ ಯೋಚನೆ ಇಲ್ಲ. 4 ಓಮ್ ಆದರೆ ಅದರರ್ಧ. ಮುಂದಿನ ಮೂರು ಸ್ಪೀಕರ್ ಟಿವಿ ಪಕ್ಕದಲ್ಲೇ ಇರುತ್ತವೆ, ಬಿಡಿ. ಕಾಟ ಕೊಡುವುದು ಹಿಂದಿನ ಸರೌಂಡ್ ಜೋಡಿ. ಕಣ್ಣಳತೆಗೆ ನಾಲ್ಕೇ ಮೀಟರ್ ಅನ್ನಿಸಿದರೂ ವೈರು ಗೋಡೆ ಮೂಲೆ ಹಿಡಿದು, ಬಾಗಿಲ ಚೌಕಟ್ಟು ಹತ್ತಿ ಇಳಿದು, ಸೋಫಾ ಹಿಂದೆ ಮುಟ್ಟುವಷ್ಟರಲ್ಲಿ ಹತ್ತು ಹನ್ನೊಂದು ಆಗಿರುತ್ತದೆ. ಒಂದು ದಾರ ಹಿಡಿದು ಅದೇ ದಾರಿಯಲ್ಲಿ ಅಳೆದು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಟೋಪಿ ಹಾಕಿಸಿಕೊಂಡಿದ್ದೇನೆ. 14 ಗೇಜ್, ಅಸಲಿ ತಾಮ್ರ ಅಂತ ಕೊಟ್ಟ ಸುರುಳಿ ಕೈಯಲ್ಲಿ ಹಿಡಿದರೆ ಯಾಕೋ ಹಗುರ. ಮನೆಗೆ ಬಂದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಅದು. ಇದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟು, ಅಂದರೆ ಹೆಸರಿಗೆ 14, ಕೆಲಸಕ್ಕೆ 16. ನನ್ನ ರೂಮಿಗೆ ಅದೂ ಸಾಕಾಯಿತು, ವೈರು ಇವತ್ತಿಗೂ ಸೋಫಾ ಹಿಂದೆಯೇ ಇದೆ. ಕೊಟ್ಟಿದ್ದು ಮಾತ್ರ ತಾಮ್ರದ ದುಡ್ಡು.