ಮೊದಲು &, ಆಮೇಲೆ <

ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಸುವ ಪಾಠವನ್ನು ಎಚ್‌ಟಿಎಂಎಲ್‌ನಲ್ಲೇ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಒಂದು ಟ್ಯಾಗನ್ನು, ಅಂದರೆ ಬ್ರೌಸರ್‌ಗೆ ಸೂಚನೆ ಕೊಡುವ ಗುರುತನ್ನು, ಉದಾಹರಣೆಯಾಗಿ ತೋರಿಸಬೇಕು. ಆದರೆ < ಚಿಹ್ನೆಗೆ ಅಂಟಿಕೊಂಡು ಒಂದು ಇಂಗ್ಲಿಷ್ ಅಕ್ಷರ ಬಂದರೆ ಸಾಕು, ಟ್ಯಾಗ್ ಶುರುವಾಯಿತು ಎಂದು ಬ್ರೌಸರ್ ತಿಳಿಯುತ್ತದೆ. ನಿಮ್ಮ ಉದಾಹರಣೆ ತೆರೆಯ ಮೇಲೆ ಕಾಣುವುದೇ ಇಲ್ಲ.

ಅದಕ್ಕೇ < ಬದಲು &#60; ಎಂದು ಬರೆಯುತ್ತಾರೆ. 60 ಅನ್ನುವುದು ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರು ಕೊಡುವ ಪಟ್ಟಿ) ಆ ಚಿಹ್ನೆಯ ನಂಬರು. ಬ್ರೌಸರ್ ಇದನ್ನು ಓದಿ < ತೋರಿಸುತ್ತದೆ, ಟ್ಯಾಗ್ ಎಂದು ಮಾತ್ರ ತಿಳಿಯುವುದಿಲ್ಲ. ಹೀಗೆ ಬದಲಿಸುವುದು ಎಸ್ಕೇಪ್, ಮೊದಲಿನ ರೂಪಕ್ಕೆ ತರುವುದು ಅನ್‌ಎಸ್ಕೇಪ್. ಬೇರೆ ಅಕ್ಷರಗಳನ್ನೂ ಹೀಗೇ ಬರೆಯಬಹುದು. &#3221; ಅಂದರೆ ನಮ್ಮ ‘ಕ’.

ಹಾಗಾದರೆ & ಚಿಹ್ನೆಗೂ ವಿಶೇಷ ಕೆಲಸ ಬಂತು, ಅಲ್ವಾ? ಅದನ್ನೂ ಎಸ್ಕೇಪ್ ಮಾಡಬೇಕು: &#38;. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಇಲ್ಲಿ ಯಾವುದು ಮೊದಲು ಅನ್ನುವುದು ಮುಖ್ಯ. ಮೊದಲು < ಬದಲಿಸಿದರೆ &#60; ಆಗುತ್ತದೆ. ಆಮೇಲೆ & ಬದಲಿಸಲು ಹೋದರೆ, ಈಗತಾನೇ ನೀವೇ ಸೇರಿಸಿದ & ಕೂಡ ಸಿಕ್ಕಿಬಿದ್ದು &#38;#60; ಆಗುತ್ತದೆ. ಓದುಗರಿಗೆ < ಬದಲು &#60; ಕಾಣುತ್ತದೆ. ಪೈಥಾನ್ ಭಾಷೆಯ ಜೊತೆಗೇ ಬರುವ ಎಸ್ಕೇಪ್ ಫಂಕ್ಷನ್ ತೆರೆದು ನೋಡಿ. & ಬದಲಿಸುವ ಸಾಲಿನ ಪಕ್ಕದಲ್ಲಿ ‘ಇದನ್ನೇ ಮೊದಲು ಮಾಡಬೇಕು’ ಎಂಬ ಅರ್ಥದ ಟಿಪ್ಪಣಿ ಇದೆ.

ಅನ್‌ಎಸ್ಕೇಪ್ ಮಾಡುವಾಗ ಕ್ರಮ ತಿರುಗುತ್ತದೆ: & ಕೊನೆಗೆ. ಇಲ್ಲವಾದರೆ ಪಾಠದಲ್ಲಿ ಉದಾಹರಣೆಗೆಂದೇ ಬರೆದ &#60; ಕೂಡ < ಆಗಿಬಿಡುತ್ತದೆ. ಇನ್ನೂ ಒಳ್ಳೆಯದು, ಎಡದಿಂದ ಬಲಕ್ಕೆ ಒಂದೇ ಸಲ ಓದಿ ಎಲ್ಲವನ್ನೂ ಬದಲಿಸುವುದು.

ಎರಡು ಸಲ ಎಸ್ಕೇಪ್ ಆದ ಕನ್ನಡದ ಪಾಡು ಇನ್ನೂ ಕೆಟ್ಟದು. ಕನ್ನಡ ಅಕ್ಷರಗಳನ್ನು ಒಂದು ಪ್ರೋಗ್ರಾಮ್ ನಂಬರುಗಳಾಗಿ ಬದಲಿಸುತ್ತದೆ, ಮುಂದಿನದು ಅದರ & ಅನ್ನೂ ಎಸ್ಕೇಪ್ ಮಾಡುತ್ತದೆ. ‘ಕನ್ನಡ’ ಇರಬೇಕಾದ ಕಡೆ &#3221;&#3240;&#3277;&#3240;&#3233; ಕಾಣುತ್ತದೆ.

ಎಸ್ಕೇಪ್ ಮಾಡುವುದನ್ನೇ ಮರೆತರೆ ಅಪಾಯ ಜಾಸ್ತಿ. ಬೇರೆಯವರು ಟೈಪ್ ಮಾಡಿದ್ದು ನಿಮ್ಮ ಪುಟದಲ್ಲಿ ಕೋಡ್ ಆಗಿ ಓಡುತ್ತದೆ. ಕೆಟ್ಟ ಪದಗಳನ್ನು ಹುಡುಕಿ ತೆಗೆದರೆ ಸಾಲದು. 2005ರಲ್ಲಿ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ ಹಾಗೇ ತಡೆಯುತ್ತಿತ್ತು. ಸ್ಯಾಮಿ ಕಾಮ್ಕರ್ ಎಂಬ ಪ್ರೋಗ್ರಾಮರ್, ಬ್ರೌಸರ್‌ನಲ್ಲಿ ಓಡುವ ಕೋಡ್‌ನ ಭಾಷೆಯಾದ ‘ಜಾವಾಸ್ಕ್ರಿಪ್ಟ್’ನ ಹೆಸರನ್ನು ಆ ತಡೆಗೆ ಸಿಗದಂತೆ ಎರಡು ಸಾಲಾಗಿ ಮುರಿದು ಬರೆದರು. ಅವರ ಕೋಡ್ ಒಂದೇ ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರ ಪುಟಗಳಿಗೆ ಹರಡಿತು.

ಎಸ್ಕೇಪ್ ಯಾವಾಗ ಮಾಡಬೇಕು? ಪುಟಕ್ಕೆ ಬರೆಯುವ ಹೊತ್ತಿನಲ್ಲಿ, ಒಂದೇ ಸಲ. ಏಕೆಂದರೆ ಜಾಗ ಬದಲಾದರೆ ನಿಯಮವೂ ಬದಲಾಗುತ್ತದೆ. ವೆಬ್ ವಿಳಾಸದೊಳಗೆ ಕಳಿಸುವ ಹೆಸರಿನಲ್ಲಿ & ಇದ್ದರೆ ಅದು %26 ಆಗಬೇಕು. ಡೇಟಾಬೇಸ್‌ನಲ್ಲಿ ಜನ ಟೈಪ್ ಮಾಡಿದ್ದೇ ಹಾಗೇ ಇರಲಿ. ಅಲ್ಲೇ ಎಸ್ಕೇಪ್ ಮಾಡಿಟ್ಟರೆ, ಅಂಗಡಿಯ ಹೆಸರಿನಲ್ಲಿರುವ & ನಾಳೆ ಗ್ರಾಹಕರ ಎಸ್‌ಎಂಎಸ್‌ನಲ್ಲಿ &#38; ಆಗಿಯೇ ಹೋಗುತ್ತದೆ.