ಲಿವರ್ ಮೆಟ್ರೋ ಹತ್ತಿತು, ಡ್ರೋನ್ ಎಲ್ಲಿ ಹೋಯಿತು?

2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಕಸಿಗೆ ಹೊರಟ ಒಂದು ಲಿವರ್ ಮೆಟ್ರೋ ಹತ್ತಿತು. ನೇರಳೆ ಮಾರ್ಗದಲ್ಲಿ ಊರನ್ನು ಅಡ್ಡ ದಾಟಿ ರಾಜರಾಜೇಶ್ವರಿ ನಗರದಲ್ಲಿ ಇಳಿಯಿತು. ಸುಮಾರು 30 ಕಿ.ಮೀ., ದಾರಿಯಲ್ಲಿ ಒಂದೂ ಸಿಗ್ನಲ್ ಇಲ್ಲ. ಸುದ್ದಿ ಓದಿದಾಗ ನನಗೆ ಹೊಳೆದದ್ದು ಬೇರೆ. ಡ್ರೋನ್ ತಯಾರಿಸುವ ಊರು ನಮ್ಮದು, ಅಲ್ವಾ? ಮತ್ತೆ ಡ್ರೋನ್ ಎಲ್ಲಿ?

ಇದಕ್ಕೆ 2014ಕ್ಕೆ ಹೋಗಬೇಕು. ಆ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ಹೃದಯ, ಪೊಲೀಸರು ತೆರವು ಮಾಡಿದ ರಸ್ತೆಯಲ್ಲಿ ಏರ್‌ಪೋರ್ಟ್ ತಲುಪಿ ಚೆನ್ನೈಗೆ ಹಾರಿತು. ಗ್ರೀನ್ ಕಾರಿಡಾರ್ ಎಂಬ ಮಾತು ಆಮೇಲೆ ಎಲ್ಲರ ಬಾಯಲ್ಲೂ ಬಂತು. ಮುಂದಿನ ತಿಂಗಳೇ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ, ನಿಯಮ ರೂಪಿಸುವವರೆಗೆ ಯಾರೂ ಖಾಸಗಿಯಾಗಿ ಡ್ರೋನ್ ಹಾರಿಸಬಾರದು ಎಂದಿತು. ಎರಡಕ್ಕೂ ಸಂಬಂಧವೇನಿಲ್ಲ. ಆದರೆ ಆ ನಿಯಮ ಜಾರಿಯಾಗಿದ್ದು 2018ರ ಡಿಸೆಂಬರ್‌ನಲ್ಲಿ. ಆಗಲೂ ಡ್ರೋನ್ ಹಾರಿಸುವವರ ಕಣ್ಣಳತೆ ದಾಟುವ ಹಾಗಿರಲಿಲ್ಲ. ಕಣ್ಣಳತೆಯಲ್ಲಿ ಯಾವ ಆಸ್ಪತ್ರೆಗೆ ಏನು ಕಳಿಸೋದು?

ಅಷ್ಟರಲ್ಲಿ ರುವಾಂಡಾದಲ್ಲಿ 2016ರಿಂದಲೇ ಡ್ರೋನ್‌ಗಳು ಹಳ್ಳಿ ಆಸ್ಪತ್ರೆಗಳಿಗೆ ರಕ್ತ ಹೊರುತ್ತಿದ್ದವು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ಕಿಡ್ನಿ ಹತ್ತೇ ನಿಮಿಷ ಹಾರಿ ಬಂತು. ಅದನ್ನು ರೋಗಿಗೆ ಕಸಿ ಮಾಡಿದರು.

ನಮ್ಮ ಸರದಿ ಬಂದದ್ದು 2021ರ ಜೂನ್‌ನಲ್ಲಿ. ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಕಂಪನಿ, ನಾರಾಯಣ ಹೆಲ್ತ್ ಜೊತೆ ಸೇರಿ, ಕಣ್ಣಳತೆ ಮೀರಿ ಔಷಧ ಸಾಗಿಸುವ ಪರೀಕ್ಷೆ ಶುರು ಮಾಡಿತು. ಎಲ್ಲಿ? ಗೌರಿಬಿದನೂರಿನಲ್ಲಿ.

ಊರೊಳಗೆ ಯಾಕಲ್ಲ ಅನ್ನೋದಕ್ಕೆ ಅದೇ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮ ನೋಡಿ. ಅದು ಆಕಾಶಕ್ಕೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿತು: ಹಸಿರಲ್ಲಿ ಅನುಮತಿ ಕೇಳದೆ ಹಾರಿಸಬಹುದು, ಹಳದಿ, ಕೆಂಪಲ್ಲಿ ಅನುಮತಿ ಬೇಕು. ವಿಮಾನ ನಿಲ್ದಾಣದ ಸುತ್ತಿನ ಹಳದಿ ವಲಯವನ್ನು 45 ಕಿ.ಮೀ.ಯಿಂದ 12 ಕಿ.ಮೀ.ಗೆ ಇಳಿಸಿತು. ದೊಡ್ಡ ಸಡಿಲಿಕೆಯೇ. ಆದರೆ ಬೆಂಗಳೂರಿನ ನಕ್ಷೆ ತೆಗೆದು ದೇವನಹಳ್ಳಿ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು, ಈ ನಾಲ್ಕು ವಿಮಾನ ನೆಲೆಗಳ ಸುತ್ತ ವೃತ್ತ ಎಳೆಯಿರಿ. ಹಸಿರು ಎಷ್ಟು ಉಳಿಯುತ್ತೆ? ನಮ್ಮ ರಸ್ತೆಗಿಂತ ಆಕಾಶವೇ ಜಾಸ್ತಿ ಇಕ್ಕಟ್ಟು.

ಇನ್ನು ಅಂಗಾಂಗದ ಲೆಕ್ಕ. ಹೊರಗೆ ತೆಗೆದ ಹೃದಯವನ್ನು ನಾಲ್ಕು ಗಂಟೆಯೊಳಗೆ ಕೂರಿಸಿದರೆ ಒಳ್ಳೆಯದು. ಲಿವರ್‌ಗೆ ಸುಮಾರು 12 ಗಂಟೆ. ಕಿಡ್ನಿ ಒಂದು ದಿನವೇ ತಾಳುತ್ತದೆ. ಹಾಗಾಗಿ ಊರೊಳಗೆ ಕಿಡ್ನಿಗೆ ಡ್ರೋನ್ ಬೇಕು ಅನ್ನೋದು ಸುಮ್ನೆ ಶೋಕಿ. ಅವಸರ ಇರೋದು ಹೃದಯಕ್ಕೆ. ಆದರೆ ಐಸ್ ತುಂಬಿದ ಪೆಟ್ಟಿಗೆ ಭಾರ, ಮೆಜೆಸ್ಟಿಕ್ ಮೇಲೆ ಬ್ಯಾಟರಿ ಕೈಕೊಟ್ಟರೆ ಕೆಳಗೆ ಜನಸಾಗರ.

ದೇಶದಲ್ಲಿ ಡ್ರೋನ್ ಪ್ರಯೋಗ ಹಗುರ ಸರಕಿನ ಕಡೆ ವಾಲಿದ್ದೂ ಅದಕ್ಕೇ ಅನಿಸುತ್ತದೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ ರಕ್ತದ ಚೀಲ ಹಾರಿಸಿ ನೋಡಿತು. ಆಮೇಲೆ ಹರಿಯಾಣದ ಸೋನಿಪತ್‌ನಿಂದ ಝಜ್ಜರ್‌ಗೆ ಕಣ್ಣಿನ ಕಾರ್ನಿಯಾ ಕಳಿಸಿತು.

ಬೆಂಗಳೂರಿನಲ್ಲಿ ಲಿವರ್ ಬಂದ ಮರುತಿಂಗಳು ಒಂದು ಹೃದಯಕ್ಕೂ ಅವಸರ ಬಿತ್ತು. ಅದೂ ಮೆಟ್ರೋದಲ್ಲೇ ಬಂತು: ಗೊರಗುಂಟೆಪಾಳ್ಯದಲ್ಲಿ ಹತ್ತಿ, ಏಳನೇ ಸ್ಟಾಪ್ ಸಂಪಿಗೆ ರಸ್ತೆಯಲ್ಲಿ ಇಳಿಯಿತು.